ರಟ್ಟಿನ ಕಾಲಯಂತ್ರ

ಗತಕಾಲಕ್ಕೆ ಬಸ್ ಓಡಿಸುವ ನಂಜರಾಜ ಡ್ಯೂಟಿ ಮುಗಿಸಿ ಮನೆಗೆ ಬಂದಾಗ, ಹೆಂಡತಿ ಪ್ರಫುಲ್ಲ ಕಾಲಪ್ರಯಾಣದ ಅದೇ ಹಳೆಯ ಬ್ರಿಟಿಷ್ ಧಾರಾವಾಹಿ ನೋಡುತ್ತಿದ್ದಳು. ಅದರಲ್ಲಿ ನಾಯಕ ಬಾಗಿಲು ತೆರೆದಾಗಲೆಲ್ಲ ರಟ್ಟಿನ ಕಾಲಯಂತ್ರ ಅಲುಗಾಡುತ್ತಿತ್ತು.

“ಕಾಸು ಖರ್ಚು ಮಾಡದೆ ತೆಗೆದಿದ್ದಾರೆ. ಎಲ್ಲಾ ಸುಳ್ಳು ಕಣೇ,” ಎಂದು ಅವನು ರೇಗಿದ. “ಗತಕಾಲದಲ್ಲಿ ಯಾರಾದ್ರೂ ಕೆಳಗಿಳಿಯೋಕೆ ಆಗುತ್ತಾ? ಕಿಟಕಿಯಿಂದ ನೋಡಬಹುದು, ಅಷ್ಟೆ.”

“ನಂಗೊತ್ತಿಲ್ವಾ? ನಮ್ಮ ಮಗಳು ಕೊನೇ ಸಲ ಸ್ಕೂಟರ್ ಹತ್ತಿದ್ದನ್ನ ನಿಮ್ಮ ಬಸ್ಸಲ್ಲೇ ಕೂತು ನೋಡ್ದೆ. ಹೋಗ್ಬೇಡ ಕಣೇ ಅಂತ ಗಾಜು ಬಡಿದೆ, ಅವಳಿಗೆ ಕೇಳಿಸ್ಲೇ ಇಲ್ಲ. ಈ ಸೀರಿಯಲ್ ಜನ ಆದ್ರೆ ಇಳಿದು ಹೋಗಿ ಕೈ ಹಿಡ್ಕೋತಾರೆ ರೀ.”

ನಂಜರಾಜ ಯೂನಿಫಾರಂ ಕೂಡ ಬಿಚ್ಚದೆ ಅವಳ ಪಕ್ಕ ಕುಳಿತ. ಪರದೆಯ ಮೇಲೆ ನಾಯಕ ಯಂತ್ರದ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದ.

“ಇಳಿಯಯ್ಯಾ, ಏನ್ ನೋಡ್ತಾ ನಿಂತಿದೀಯ!” ಎಂದು ನಂಜರಾಜ ಕೂಗಿದ.