ಪೆಡಗಾಗ್‌ನ ಮೂಲಪುರುಷ

ಬೀದಿಯ ತಿರುವಿನಲ್ಲಿ ಕುರಿಮೂಳೆಯ ದಾಳದಾಟಕ್ಕೆ ಕೂತ ಫೈಡಿಮಸ್ ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಅವನ ಮನೆಯವರು ದುಡ್ಡು ಕೊಟ್ಟು ಕೊಂಡ ಕುಂಟು ಆಳು ಟಿಬಿಯಸ್, ಹುಡುಗನ ಬರೆಯುವ ಹಲಗೆಯನ್ನೂ ತಂತಿವಾದ್ಯವನ್ನೂ ಹೊತ್ತುಕೊಂಡು ಬಿಸಿಲಲ್ಲಿ ನಿಂತಿದ್ದ. ಮಗ ಇನ್ನೊಂದು ದಿನ ಶಾಲೆ ತಪ್ಪಿಸಿದರೆ ನಿನ್ನನ್ನು ಬೆಳ್ಳಿ ಗಣಿಗೆ ಮಾರಿಬಿಡುತ್ತೇನೆ ಎಂದು ಯಜಮಾನ ಎಂಡಿಯಸ್ ನಿನ್ನೆಯಷ್ಟೇ ಹೇಳಿದ್ದ. ಆ ಗಣಿಗೆ ಇಳಿದ ಆಳು ಮತ್ತೆ ಮೇಲೆ ಬಂದದ್ದನ್ನು ಅಥೆನ್ಸಿನಲ್ಲಿ ಯಾರೂ ಕಂಡಿಲ್ಲ.

ಹೊಲದ ಕೆಲಸಕ್ಕೆ ಬಾರದ ಆಳಿಗೆ ಈ ಊರಲ್ಲಿ ಇದೇ ಚಾಕರಿ. ಯಜಮಾನನ ಮಗನನ್ನು ಶಾಲೆಗೆ ಕರೆದೊಯ್ಯಬೇಕು, ಪಾಠ ಮುಗಿಯುವ ತನಕ ಹಿಂದಿನ ಬೆಂಚಿನಲ್ಲಿ ಕೂರಬೇಕು, ಮತ್ತೆ ಮನೆ ಸೇರಿಸಬೇಕು. ಅವನಿಗೆ ಪೈಡಗೋಗೊಸ್ ಎಂದು ಹೆಸರು. ಮಗುವನ್ನು ಕರೆದೊಯ್ಯುವವನು ಎಂದಷ್ಟೇ ಅರ್ಥ. ಮುಂದೊಂದು ಕಾಲಕ್ಕೆ ಇಂಗ್ಲಿಷಿನವರು ಇದನ್ನೇ ‘ಪೆಡಗಾಗ್’ ಮಾಡಿಕೊಂಡು ಮೇಷ್ಟ್ರಿಗೆ ಇಟ್ಟರು. ಆಗಿನ ಮೇಷ್ಟ್ರು ಕೇಳಿದ್ದರೆ ಉರಿದುಬೀಳುತ್ತಿದ್ದರು.

“ಬರೋದಿಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ,” ಎಂದ ಹುಡುಗ.

ಕೋಲು ಕೈಯಲ್ಲೇ ಇತ್ತು, ಬಡಿಯುವ ಹಕ್ಕೂ ಇತ್ತು. ಟಿಬಿಯಸ್ ಬಡಿಯಲಿಲ್ಲ. ಕುಂಟುತ್ತ ಒಬ್ಬನೇ ಶಾಲೆಗೆ ನಡೆದ. ಹಿಂದಿನ ಬೆಂಚು ಬಿಟ್ಟು ಹುಡುಗರ ನಡುವೆ, ಫೈಡಿಮಸನ ಜಾಗದಲ್ಲೇ ಕೂತು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಮೇಷ್ಟ್ರು ಕಣ್ಣುಕಣ್ಣು ಬಿಟ್ಟರು. ಫೈಡಿಮಸನ ಬದಲು ಅವನ ಆಳು ಅಕ್ಷರ ಕಲಿಯಲು ಬಂದಿದ್ದಾನೆಂದು ಹುಡುಗರು ಕೂಗಿ ಹೇಳಿ ಬಿದ್ದು ಬಿದ್ದು ನಕ್ಕರು. ಅದು ಬೀದಿಯ ದಾಳದಾಟದವರ ಕಿವಿಗೂ ಬಿತ್ತು.

ಅಷ್ಟರಲ್ಲಿ ಎಂಡಿಯಸ್ ಬಾಗಿಲಲ್ಲಿ ಬಂದು ನಿಂತ. ಮಗ ಬಂದನೋ ಇಲ್ಲವೋ ಎಂದು ನೋಡಲು ತಾನೇ ಹೊರಟು ಬಂದಿದ್ದ. ಮಗನ ಜಾಗದಲ್ಲಿ ಆಳನ್ನು ಕಂಡು ಅವನ ಪಿತ್ತ ನೆತ್ತಿಗೇರಿತು.

“ಹುಡುಗನ್ನ ಬೀದೀಲಿ ಬಿಟ್ಟು ಬಂದಿದ್ದೀಯಲ್ಲ, ನೀನು ಯಾವ ಸೀಮೆ ಪೈಡಗೋಗೊಸ್ಸೋ?”

ಆ ಹುಡುಗನನ್ನು ಟಿಬಿಯಸ್ ಹೆತ್ತಪ್ಪನಿಗಿಂತ ಚೆನ್ನಾಗಿ ಬಲ್ಲ. “ಸ್ವಲ್ಪ ತಡೀರಿ ಧಣಿ,” ಎಂದ.

ಎಂಡಿಯಸ್ ಮತ್ತೆ ಬಾಯಿ ತೆರೆಯುವ ಮೊದಲೇ ಅವನನ್ನು ಸರಿಸಿಕೊಂಡು ಫೈಡಿಮಸ್ ಒಳನುಗ್ಗಿದ. ಅವಮಾನಕ್ಕೆ ಮುಖ ಕೆಂಪಾಗಿತ್ತು, ಏದುಸಿರು ಬಿಡುತ್ತಿದ್ದ. ಆಳಿನ ಕೈಯಿಂದ ಹಲಗೆ ಕಿತ್ತುಕೊಂಡ.

“ಏಳೋ. ಅದು ನನ್ನ ಜಾಗ.”

ಟಿಬಿಯಸ್ ಏಳಲಿಲ್ಲ. ಯಜಮಾನನ ಮುಖವನ್ನೇ ನೋಡುತ್ತ ಕೇಳಿದ: “ಎದ್ದು ಎಲ್ಲಿಗೆ ಹೋಗ್ಲಿ ಧಣಿ? ಗಣಿಗೋ, ಹಿಂದಿನ ಬೆಂಚಿಗೋ?”

ಎಂಡಿಯಸ್ ಮಗನನ್ನು ನೋಡಿದ, ಮೇಷ್ಟ್ರನ್ನು ನೋಡಿದ, ಕೊನೆಗೆ ಆಳನ್ನು ನೋಡಿದ.

“ಸಂಜೆ ಇವನ್ನ ಹುಷಾರಾಗಿ ಮನೆಗೆ ಕರ್ಕೊಂಡು ಬಾ,” ಎಂದು ಹೊರಟುಹೋದ.