ಹೊಗೆಕೊಳವೆಗೆ ತುರುಕಿದ ಗೋಣಿಚೀಲ

ಹಸಿ ಸೌದೆಯ ಹೊಗೆ ಮೂಗಿಗೆ ಬಡಿದರೆ ಸಾಕು, ಹೋಟೆಲಿನಲ್ಲಿ ಕಾಫಿಗೆ ಕೂತಿದ್ದರೂ ನಾನು ಈಗಲೂ ಎದ್ದು ಹೋಗಿ ಅವರ ಹೊಗೆಕೊಳವೆ ನೋಡಿ ಬರುತ್ತೇನೆ. ಹೆಂಡತಿ ನನ್ನ ಪರಿಚಯವೇ ಇಲ್ಲದವಳಂತೆ ಕೂತಿರುತ್ತಾಳೆ.

ನಾನು ಚಿಕ್ಕವನಿದ್ದಾಗ ಅಮ್ಮನ ಕೆಮ್ಮು ನಿಲ್ಲಲೆಂದು ಅಪ್ಪ ಮೆಣಸೆ ಊರಿನಿಂದ ಒಲೆ ಕಟ್ಟುವವರನ್ನು ಕರೆಸಿ, ಹೆಂಚಿನ ಮಾಡಿನ ಮೇಲಕ್ಕೆ ಹೊಗೆಕೊಳವೆ ಇರುವ ಹೊಸ ಒಲೆ ಹಾಕಿಸಿದ್ದರು. ಕೆಮ್ಮು ನಿಂತಿತ್ತು. ಆದರೆ ಹೊಗೆ ತಾಗದೆ ಅಟ್ಟದ ಬಿದಿರು ಬುಟ್ಟಿಗಳಿಗೆ ಹುಳ ಹಿಡಿಯಿತು. ಒಂದು ಮಧ್ಯಾಹ್ನ ದೊಡ್ಡಪ್ಪ ಯಾರಿಗೂ ಹೇಳದೆ ಮಾಡು ಹತ್ತಿ ಕೊಳವೆಯ ಬಾಯಿಗೆ ಗೋಣಿಚೀಲ ತುರುಕಿದರು. ಅಮ್ಮ ಒಲೆ ಹೊತ್ತಿಸಿದ ಕೂಡಲೇ ಹೊಗೆಯೆಲ್ಲ ಒಳಗೇ ತಿರುಗಿತು.

ಕೆಮ್ಮುತ್ತ ಅಂಗಳಕ್ಕೆ ಓಡಿ ಬಂದ ಅಮ್ಮನಿಗೆ ದೊಡ್ಡಪ್ಪ ಹೇಳಿದರು: "ಬುಟ್ಟಿ ಹಾಳಾಗ್ತಿತ್ತು ಮಾರಾಯ್ತಿ. ನಾಲ್ಕು ದಿನ ಹೊಗೆ ಕುಡಿದ್ರೆ ಸರಿ ಆಗ್ತದೆ."

"ಯಾರು ಕುಡಿಯೋದು ಭಾವ? ಬುಟ್ಟಿಯಾ, ನಾನಾ?"

"ಇಷ್ಟು ವರ್ಷ ಕುಡಿದಿಯಲ್ಲ, ಎಂತ ಆಯ್ತು ನಿಂಗೆ?"

ಅಮ್ಮ ಏಣಿ ತಂದು ಗೋಡೆಗೆ ಒರಗಿಸಿದಳು. ನಾನು ಕಣ್ಣು ಮುಚ್ಚಿ ಏಣಿ ಹಿಡಿದೆ. ಅದರಿಂದ ಏಣಿಗೆ ಯಾವ ಉಪಕಾರವೂ ಆಗಲಿಲ್ಲ, ನನ್ನ ಜೊತೆ ಅದೂ ನಡುಗಿತು. ಅಮ್ಮ ಚೀಲ ಕಿತ್ತು ದೊಡ್ಡಪ್ಪನ ಕಾಲ ಬುಡಕ್ಕೇ ಎಸೆದಳು.

"ಇದನ್ನೂ ಅಟ್ಟಕ್ಕೆ ಹಾಕಿ ಭಾವ. ಚೆನ್ನಾಗಿ ಹೊಗೆ ಕುಡಿದಿದೆ, ಹುಳ ಹಿಡಿಯಲ್ಲ."