ಹಂಪಮ್ಮನ ಹೊಸ ಟ್ಯಾಂಕ್

ಬಳ್ಳಾರಿಯಲ್ಲಿ ಹಿಮ ಬೀಳತೊಡಗಿ ಹದಿನಾಲ್ಕು ವರ್ಷವಾಯಿತು. ಮನೆ ಬೆಚ್ಚಗಿಡಲು ಈಗ ಎಲ್ಲರ ಹಿತ್ತಲಲ್ಲೂ ಒಂದು ಎಣ್ಣೆ ಟ್ಯಾಂಕ್ ಇದೆ. ನನ್ನದು ತುಕ್ಕು ಹಿಡಿದದ್ದು. ಹೋದ ವಾರ ವಿಮೆಯವನು ಬಂದು, ಸುತ್ತಲೂ ತಟ್ಟಿ ನೋಡಿ, "ಇದಕ್ಕೆ ವಿಮೆ ಸಿಗೋದಿಲ್ಲಮ್ಮ" ಎಂದ. ಹೋಗುವಾಗ ಮೇಲಿನ ಗಾಳಿಕೊಳವೆ ತೋರಿಸಿ, "ಎಣ್ಣೆ ತುಂಬುವಾಗ ಇದು ಮುಚ್ಚಿದ್ದರೆ ಟ್ಯಾಂಕ್ ಒಡೆಯುತ್ತೆ" ಎಂದು ಬುದ್ಧಿ ಬೇರೆ ಹೇಳಿದ.

ಅದೇ ದಿನ ಪಕ್ಕದ ಮನೆಯ ಹಂಪಮ್ಮನ ಟ್ಯಾಂಕಿಗೆ, ವಿಮೆಗೆ ಸರಿಯಿದೆ ಎನ್ನುವ ಹಸಿರು ಚೀಟಿ ಅಂಟಿಸಿದ. ಅವಳದು ಎರಡು ಪದರದ ಹೊಸ ಟ್ಯಾಂಕ್. ಅವತ್ತಿನಿಂದ ಕಾಂಪೌಂಡಿನಾಚೆ ಅದನ್ನು ನೋಡದೆ ನಾನು ಕಾಫಿ ಕುಡಿದಿಲ್ಲ. ಅದು ಸೋರಲಿ ಎಂದು ಒಂದೆರಡು ಸಲ ಅಂದುಕೊಂಡದ್ದೂ ಉಂಟು.

ಇವತ್ತು ಬೆಳಿಗ್ಗೆ ಅವಳ ಮನೆಗೆ ಎಣ್ಣೆ ಲಾರಿ ಬಂತು. ಆಗ ನೋಡಿದೆ. ಗಾಳಿಕೊಳವೆಯ ಬಾಯಿಗೆ ಕರಿ ಬಟ್ಟೆ ಬಿಗಿದು, ನಿಂಬೆಹಣ್ಣು ಮೆಣಸಿನಕಾಯಿ ತೂಗುಬಿಟ್ಟಿದ್ದಾಳೆ. ಲಾರಿಯವನು ಅತ್ತ ನೋಡಲೇ ಇಲ್ಲ. ನಾನು ಲೋಟ ಹಿಡಿದು ಸುಮ್ಮನೆ ನಿಂತೆ. ಎಷ್ಟು ಹೊತ್ತು ನಿಂತೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಅವನು ಪಂಪಿಗೆ ಕೈ ಹಾಕಿದಾಗ ಬಾಯಿ ಬಿಟ್ಟೆ. "ಹಂಪಕ್ಕ, ಆ ಕೊಳವೆ ಬಾಯಾಗಿನ ಬಟ್ಟೆ ತೆಗಿ. ಟ್ಯಾಂಕ್ ಒಡೀತದ."

ಅವಳು ಓಡಿಬಂದು ಗಂಟು ಬಿಚ್ಚಿದಳು. ನನ್ನ ಮುಖ ನೋಡದೆ, "ದೃಷ್ಟಿ ಆಗಬಾರ್ದು ಅಂತ ಕಟ್ಟಿದ್ದೆ, ಈರಕ್ಕ" ಎಂದಳು.

ಲಾರಿ ಹೋದ ಮೇಲೆ ಅವಳು ಅದೇ ನಿಂಬೆಹಣ್ಣನ್ನು ಕಾಂಪೌಂಡಿನ ಮೇಲೆ ಕಟ್ಟಿದಳು, ನಾನು ದಿನಾ ಕಾಫಿ ಹಿಡಿದು ನಿಲ್ಲುವ ಜಾಗಕ್ಕೆ ಸರಿಯಾಗಿ.